ಟ್ಯಾಂಕಿಗೆ ಕೈ ಹಾಕುವ ಮುಂಚೆ

ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಇಟ್ಟವರು ನನಗೆ ಕಳಿಸುವ ಫೋಟೋಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. ಮರಳಿನ ಮೇಲೆ ಕ್ಲೀನರ್ ಸಿಗಡಿಯೊಂದು (ಮೀನುಗಳ ಮೈ ಶುಚಿ ಮಾಡುವ ಸಿಗಡಿ) ಮಗುಚಿ ಬಿದ್ದಿರುತ್ತದೆ. ಮೀಸೆ, ಕಾಲು ಎಲ್ಲಾ ಇವೆ, ಅಲ್ಲಾಟ ಮಾತ್ರ ಇಲ್ಲ. 'ಸತ್ತೇ ಹೋಯ್ತು ಸಾರ್, ಯಾವ ಔಷಧಿ ಹಾಕಲಿ?' ಅಂತ ಕೆಳಗೆ ಪ್ರಶ್ನೆ.

ಹತ್ತಿರದಿಂದ ನೋಡಿದರೆ ಅದು ಖಾಲಿ ಚಿಪ್ಪು. ತಲೆ ಮತ್ತು ಹೊಟ್ಟೆ ಕೂಡುವ ಕಡೆ ಸೀಳು ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಸಿಗಡಿ ಪೊರೆ ಕಳಚಿ ಕಲ್ಲಿನ ಸಂದಿಗೆ ಸೇರಿಕೊಂಡಿದೆ ಅಷ್ಟೇ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಅದು ಹೊರಗೆ ಬರುವುದಿಲ್ಲ, ಮೆತ್ತಗಿರುವಾಗ ಯಾರು ಬೇಕಾದರೂ ತಿಂದುಬಿಡಬಹುದು. ಟ್ಯಾಂಕಿನಲ್ಲಿ ಇಂಥ ಎರಡು ಸಿಗಡಿ ಇದ್ದರೆ ಇನ್ನೊಂದು ತಮಾಷೆ ಕಾಣುತ್ತದೆ. ಬೆಳೆದ ಕ್ಲೀನರ್ ಸಿಗಡಿ ಗಂಡೂ ಹೌದು, ಹೆಣ್ಣೂ ಹೌದು. ಪೊರೆ ಕಳಚಿದ್ದು ಆ ಸಲ ಹೆಣ್ಣು, ಜೊತೆಯದ್ದು ಗಂಡು. ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಯಡಿ ಹಸಿರು ಮೊಟ್ಟೆಗಳ ಗೊಂಚಲು ಕಾಣುತ್ತದೆ. ಇದನ್ನೆಲ್ಲಾ ನೋಡದೆ ತಾಮ್ರ ಇರುವ ಮೀನಿನ ಔಷಧಿ ಸುರಿದರೆ ಸಿಗಡಿ ನಿಜವಾಗಿಯೂ ಸಾಯುತ್ತದೆ. ಹವಳವೂ ಸಾಯುತ್ತದೆ.

ನನ್ನ ಕೆಲಸ ಹವಳದ ದೊಡ್ಡ ಟ್ಯಾಂಕುಗಳನ್ನು ನೋಡಿಕೊಳ್ಳುವುದು. ನೀರಿನ ಲೆಕ್ಕ ಕಲಿಯುವುದು ಕಷ್ಟ ಅಲ್ಲ. ಉಪ್ಪಿನಂಶ ಸಾವಿರಕ್ಕೆ 35, ಬಿಸಿ 24ರಿಂದ 27 ಡಿಗ್ರಿ ಸೆಲ್ಸಿಯಸ್, ಮೀನಿಗೆ ವಿಷವಾಗುವ ಅಮೋನಿಯ ಸೊನ್ನೆ. ಇವು ಯಾವ ಪುಸ್ತಕದಲ್ಲಾದರೂ ಸಿಗುತ್ತವೆ. ಪುಸ್ತಕದಲ್ಲಿ ಸಿಗದಿರುವುದು ನಿಮ್ಮ ಟ್ಯಾಂಕಿನ ಮಾಮೂಲಿ ದಿನ. ಅದು ಗೊತ್ತಿಲ್ಲದವರಿಗೆ ಎಲ್ಲವೂ ಕಾಯಿಲೆಯಂತೆ ಕಾಣುತ್ತದೆ.

ನೋಡುವುದಕ್ಕೂ ಒಂದು ಕ್ರಮ ಇದೆ. ಗಾಜಿಗೆ ಮೂಗು ತಾಗಿಸಿ ನಿಂತರೆ ಮೀನುಗಳೆಲ್ಲ ಎದುರಿಗೆ ಬಂದು ಬಾಲ ಆಡಿಸುತ್ತವೆ. ಅದು ಪ್ರೀತಿ ಅಲ್ಲ, ಊಟ ಬಂತು ಅನ್ನುವ ಲೆಕ್ಕಾಚಾರ. ಕೋಣೆಯ ದೀಪ ಆರಿಸಿ, ಎರಡು ಮೂರು ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂರಿ. ಹತ್ತು ಹದಿನೈದು ನಿಮಿಷದಲ್ಲಿ ಅವು ನಿಮ್ಮನ್ನು ಮರೆಯುತ್ತವೆ. ಆಮೇಲೆ ನಡೆಯುವುದೇ ನಿಜವಾದ ಓಡಾಟ. ಯಾವ ಮೀನು ಯಾವ ಕಲ್ಲನ್ನು ತನ್ನದು ಅಂದುಕೊಂಡಿದೆ, ಯಾರು ಯಾರಿಗೆ ದಾರಿ ಬಿಡುತ್ತಾರೆ, ಯಾವ ಹವಳ ಎಷ್ಟು ಗಂಟೆಗೆ ಅರಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ಸುಮ್ಮನೆ ನಿಂತ ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ತೆರೆದು ಮುಚ್ಚುತ್ತದೆ ಅಂತ ಎಣಿಸಿ. ಮುಂದೊಂದು ದಿನ ಆ ಸಂಖ್ಯೆ ಜಾಸ್ತಿಯಾದರೆ, ಮೈಮೇಲೆ ಏನೂ ಕಾಣುವ ಮೊದಲೇ ನಿಮಗೆ ಸುಳಿವು ಸಿಗುತ್ತದೆ.

ಪಾತ್ರೆಯಲ್ಲಿ ಹವಳ ಇಟ್ಟು ನೋಡುವ ಅಭ್ಯಾಸ ಇಂದು ನಿನ್ನೆಯದಲ್ಲ. 1706ರಲ್ಲಿ ಇಟಲಿಯ ಲುಯಿಜಿ ಮಾರ್ಸಿಲಿ ಕೆಂಪು ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲೇ ಇಟ್ಟು ನೋಡಿದರು. ಎಂಟು ಎಸಳಿನ ಬಿಳಿ ಹೂಗಳು ಅರಳಿದವು. ಹವಳ ಗಿಡವೇ ಅಂತ ಅವರು ತೀರ್ಮಾನಿಸಿದರು. 1720ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಪೆಸೊನೆಲ್ ಅದೇ ಕೆಲಸ ಮಾಡಿದರು. ಆದರೆ ಅವರು ಇನ್ನೂ ಜಾಸ್ತಿ ಹೊತ್ತು ಕಾದರು, ಮುಟ್ಟಿ ನೋಡಿದರು. ಹೂ ಅಂದುಕೊಂಡದ್ದು ಮುಟ್ಟಿದರೆ ಒಳಗೆ ಸೇರಿಕೊಳ್ಳುತ್ತಿತ್ತು, ಬಿಟ್ಟರೆ ಮತ್ತೆ ಹೊರಬರುತ್ತಿತ್ತು. ಇದು ಪ್ರಾಣಿ ಅಂತ ಅವರು ಬರೆದಾಗ ಪ್ಯಾರಿಸಿನ ಪಂಡಿತರು ಒಪ್ಪಲಿಲ್ಲ. ಒಪ್ಪಿಕೊಳ್ಳಲು 1740ರ ದಶಕವೇ ಬರಬೇಕಾಯಿತು. ಒಂದೇ ಕೊಂಬೆ, ಒಂದೇ ನೀರು. ಒಬ್ಬರು ಅರಳಿದ್ದನ್ನು ನೋಡಿ ಎದ್ದುಹೋದರು, ಇನ್ನೊಬ್ಬರು ಕೂತಿದ್ದರು.

ಹವಳವನ್ನು ಮನೆಯೊಳಗೆ ತುಂಬಾ ಕಾಲ ಬದುಕಿಸಿ ತೋರಿಸಿದ್ದು ಆ್ಯನಾ ಥಿನ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು. 1846ರಲ್ಲಿ ಟಾರ್ಕಿ ಕಡಲತೀರದಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದರು. ಆಗ ಪಂಪ್ ಎಲ್ಲಿತ್ತು? ನೀರಿಗೆ ಗಾಳಿ ಸೇರಲಿ ಅಂತ ಕಿಟಕಿಯ ಹತ್ತಿರ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯುತ್ತಲೇ ಇರಬೇಕಿತ್ತು. ಹೊಯ್ದವಳು ಮನೆಕೆಲಸದ ಹುಡುಗಿ. ಅವಳ ತೋಳಿನ ನೋವು ಯಾವ ಚರಿತ್ರೆಯಲ್ಲೂ ಇಲ್ಲ ಬಿಡಿ.

ಹವಳವನ್ನು ಹಗಲು ಹೊತ್ತು ಮಾತ್ರ ನೋಡಿದವರು ಅರ್ಧ ಹವಳ ನೋಡಿದ್ದಾರೆ. ಹಗಲಿನಲ್ಲಿ ಮೈಯೊಳಗಿನ ಪಾಚಿ ಬೆಳಕಿನಿಂದ ಆಹಾರ ಮಾಡಿಕೊಡುತ್ತದೆ. ಕತ್ತಲಾದ ಮೇಲೆ ಅನೇಕ ಹವಳಗಳು ತಾವೇ ಬೇಟೆಗೆ ಇಳಿಯುತ್ತವೆ. ದೀಪ ಆರಿ ಒಂದು ಗಂಟೆ ಬಿಟ್ಟು ಕೆಂಪು ಟಾರ್ಚ್ ಹಾಕಿ. ಕೆಂಪು ಬೆಳಕು ಸಮುದ್ರದಲ್ಲಿ ಮೇಲಿನ ಕೆಲವೇ ಮೀಟರಿನೊಳಗೆ ಕರಗಿಹೋಗುತ್ತದೆ. ಹಾಗಾಗಿ ಇಲ್ಲಿನ ಬಹಳಷ್ಟು ಜೀವಿಗಳಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ಬಿಳಿ ಟಾರ್ಚ್ ಹಾಕಿದರೆ ಎಲ್ಲಾ ಕ್ಷಣದಲ್ಲಿ ಮಾಯ.

ಹಗಲು ನುಣ್ಣಗೆ ಕಂಡ ಹವಳದ ಮೈತುಂಬ ಈಗ ಸಣ್ಣ ಎಳೆಗಳು ಎದ್ದಿರುತ್ತವೆ. ತೇಲಿ ಬಂದ ಚೂರೊಂದು ತಾಗಿದರೆ ಎಳೆ ಅದನ್ನು ಹಿಡಿದು, ಬಾಗಿ, ನಡುವಿನ ಬಾಯಿಗೆ ಮುಟ್ಟಿಸುತ್ತದೆ. ಗ್ಯಾಲಕ್ಸಿಯಾ ಎಂಬ ಹವಳ ಇದ್ದರೆ ಅದರ ಅಂಚನ್ನು ಗಮನಿಸಿ. ಮಿಕ್ಕ ಎಳೆಗಳಿಗಿಂತ ಎಷ್ಟೋ ಉದ್ದದ, ತುದಿಯಲ್ಲಿ ಬಿಳಿ ಉಂಡೆಯಿರುವ ಕೆಲವು ಎಳೆಗಳು ನೀರಿನ ಹರಿವಿನಲ್ಲಿ ತೇಲುತ್ತಿರುತ್ತವೆ. ಗೇಣುದ್ದ ಚಾಚುವುದೂ ಉಂಟು. ಇವು ಊಟಕ್ಕಲ್ಲ, ಜಗಳಕ್ಕೆ. ಪಕ್ಕದ ಹವಳಕ್ಕೆ ತಾಗಿದ ಕಡೆ ಕುಟುಕಿ ಸುಡುತ್ತವೆ. ಇನ್ನು ಕೆಲವು ಹವಳಗಳು ತಮ್ಮ ಹೊಟ್ಟೆಯ ನಾರುಗಳನ್ನೇ ಹೊರಗೆ ಚಾಚಿ ನೆರೆಯ ಹವಳವನ್ನು ಕೂತಲ್ಲೇ ಅರಗಿಸುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಹವಳದ ಒಂದೇ ಮಗ್ಗುಲು ಬಿಳಿಯಾಗಿರುತ್ತದೆ, ಮಾಲೀಕರು ನೀರು ಪರೀಕ್ಷೆ ಮಾಡುತ್ತಾ ಕೂರುತ್ತಾರೆ. ನೀರು ಚೆನ್ನಾಗಿಯೇ ಇರುತ್ತದೆ. ಹರಿವಿನ ದಿಕ್ಕು ನೋಡಿದ್ದರೆ ಉತ್ತರ ಸಿಗುತ್ತಿತ್ತು.

ರಾತ್ರಿ ಮೀನುಗಳನ್ನೂ ಒಮ್ಮೆ ನೋಡಿ. ಫಾಕ್ಸ್‌ಫೇಸ್ ಮೀನಿನ ಹಳದಿ ಮೈಮೇಲೆ ಕಂದು ಮಚ್ಚೆಗಳು ಏಳುತ್ತವೆ. ಅದು ಚರ್ಮದ ರೋಗ ಅಲ್ಲ, ರಾತ್ರಿಯ ಉಡುಪು. ನೀಲಿ ಟ್ಯಾಂಗ್ ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಸತ್ತಂತೆ ಮಲಗುತ್ತದೆ. ಸಿಕ್ಸ್‌ಲೈನ್ ರಾಸ್ ಎಂಬ ಮೀನು ತನ್ನ ಸುತ್ತ ಲೋಳೆಯ ಚೀಲ ಕಟ್ಟಿಕೊಂಡು ಅದರೊಳಗೆ ನಿದ್ದೆ ಮಾಡುತ್ತದೆ. ಹ್ಯಾಲಿಕೋರಿಸ್ ಜಾತಿಯ ರಾಸ್ ಮರಳೊಳಗೆ ಹೂತುಕೊಳ್ಳುತ್ತದೆ. ಹೊಸದಾಗಿ ತಂದದ್ದು ಒಮ್ಮೊಮ್ಮೆ ದಿನಗಟ್ಟಲೆ ಮೇಲೆ ಬರುವುದಿಲ್ಲ. ದಯವಿಟ್ಟು ಮರಳು ಕೆದಕಬೇಡಿ.

ಬ್ರಿಸಲ್ ಹುಳುವಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಸತ್ತ ಮೀನಿನ ಪಕ್ಕ ಇವು ಮುತ್ತಿಕೊಂಡಿರುತ್ತವೆ, ಕೊಂದದ್ದೂ ಇವೇ ಅನ್ನುವ ಅಪವಾದ ಹೊರುತ್ತವೆ. ಟ್ಯಾಂಕುಗಳಲ್ಲಿ ಸಾಮಾನ್ಯವಾಗಿ ಕಾಣುವ ಹುಳುಗಳು ಹೆಣ ತಿನ್ನುವವು. ಅವು ಇಲ್ಲದಿದ್ದರೆ ಆ ಹೆಣ ಕೊಳೆತು ಅಮೋನಿಯ ಏರುತ್ತಿತ್ತು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಅದರ ಮುಳ್ಳು ಗಾಜಿನ ಚೂರಿನಂತೆ ಚರ್ಮಕ್ಕೆ ನೆಡುತ್ತದೆ.

ಕ್ಲೌನ್‌ಫಿಶ್ ಜೋಡಿ ಇಟ್ಟವರು ಗಾಬರಿಯಾಗುವ ಇನ್ನೊಂದು ದೃಶ್ಯ ಇದೆ. ಚಿಕ್ಕ ಮೀನು ದೊಡ್ಡದರ ಎದುರು ಮಗ್ಗುಲಿಗೆ ವಾಲಿ, ಮೈಯೆಲ್ಲ ಗಡಗಡ ನಡುಗುತ್ತದೆ. ಫಿಟ್ಸ್ ಬಂತಾ ಅಂತ ಕೇಳುತ್ತಾರೆ. ಇಲ್ಲ. 'ನೀನೇ ದೊಡ್ಡವಳು, ನನ್ನ ತಂಟೆಗೆ ಬರಬೇಡ' ಅನ್ನುವ ಶರಣಾಗತಿ ಅದು. ಇವುಗಳ ಮನೆತನವೇ ಹಾಗೆ. ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಎರಡೂ ಅಲ್ಲದ ಚಿಕ್ಕವು. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ, ಸಾಲಿನಲ್ಲಿ ಮುಂದಿನದು ಗಂಡಾಗುತ್ತದೆ. ಹಾನ್ಸ್ ಮತ್ತು ಸಿಮೋನ್ ಫ್ರಿಕೆ 1977ರಲ್ಲೇ ಇದನ್ನು ಬರೆದರು. ಹಾಗಾಗಿ ಆ ನಡುಕ ದಿನಾ ಕಾಣುವುದೇ ಒಳ್ಳೆಯದು. ಅದು ನಿಂತು ರೆಕ್ಕೆ ಹರಿಯುವ ಜಗಳ ಶುರುವಾದರೆ ಆಗ ಯೋಚನೆ ಮಾಡಬೇಕು.

ಜೋಡಿ ಹೊಂದಿಕೊಂಡರೆ ಕಲ್ಲಿನ ಒಂದು ಮೂಲೆಯನ್ನು ಬಾಯಿಯಲ್ಲಿ ಉಜ್ಜಿ ಉಜ್ಜಿ ಚೊಕ್ಕ ಮಾಡುತ್ತವೆ. ಅಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳ ಚಾಪೆ ಬೀಳುತ್ತದೆ. ಕಾವಲು ಹೆಚ್ಚಾಗಿ ಗಂಡಿನದು. ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಆಡಿಸುತ್ತದೆ, ಕೆಟ್ಟ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತದೆ. ದಿನ ಕಳೆದಂತೆ ಕಿತ್ತಳೆ ಮಾಸಿ, ಪ್ರತಿ ಮೊಟ್ಟೆಯಲ್ಲೂ ಬೆಳ್ಳಿಯ ಹೊಳಪಿನ ಎರಡು ಕಣ್ಣು ಕಾಣತೊಡಗುತ್ತವೆ. ಸುಮಾರು ಒಂದು ವಾರಕ್ಕೆ, ಕತ್ತಲಾದ ಮೇಲೆ, ಮರಿಗಳು ಒಡೆದು ಬರುತ್ತವೆ. ದೀಪ ಉರಿಯುತ್ತಲೇ ಇದ್ದರೆ ಅವು ಹೊರಡಲು ಹಿಂಜರಿಯುತ್ತವೆ.

ಪಿಸ್ತೂಲ್ ಸಿಗಡಿ ಇರುವ ಟ್ಯಾಂಕಿನಲ್ಲಿ ಟಪ್ ಅಂತ ಸದ್ದು ಬರುತ್ತದೆ. ಗಾಜು ಸೀಳಿತು ಅಂತ ಕೆಲವರು ರಾತ್ರೋರಾತ್ರಿ ಬಕೆಟ್ ತಂದಿಟ್ಟುಕೊಂಡದ್ದೂ ಇದೆ. ಕೊಂಡಿ ಕೊಂಡಿಗೆ ಬಡಿದ ಸದ್ದಲ್ಲ ಅದು. ಕೊಂಡಿ ಮುಚ್ಚುವ ರಭಸಕ್ಕೆ ನೀರಿನಲ್ಲಿ ಗುಳ್ಳೆ ಹುಟ್ಟಿ, ಅದು ಕುಸಿಯುವಾಗ ಆಗುವ ಸದ್ದು ಅಂತ 2000ದಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಕಂಡುಕೊಂಡರು. ಇಷ್ಟು ಜೋರಿದ್ದರೂ ಸಿಗಡಿಗೆ ಕಣ್ಣು ಮಂದ. ಅದಕ್ಕೇ ಗೋಬಿ ಮೀನಿನ ಜೊತೆ ಸಂಸಾರ. ಸಿಗಡಿ ಬಿಲ ತೋಡುತ್ತದೆ, ಗೋಬಿ ಬಾಗಿಲಲ್ಲಿ ಕಾಯುತ್ತದೆ. ಹೊರಗೆ ಬಂದಾಗೆಲ್ಲ ಸಿಗಡಿಯ ಒಂದು ಮೀಸೆ ಗೋಬಿಯ ಮೈಗೆ ತಾಗಿರುತ್ತದೆ. ಗೋಬಿ ಬಾಲ ಅದುರಿಸಿದರೆ ಸಿಗಡಿ ಒಳಗೆ. ನೀವು ನಿಧಾನವಾಗಿ ಕೈ ಎತ್ತಿ ನೋಡಿ, ಆ ಅದುರು ನಿಮಗೇ ಕಾಣುತ್ತದೆ.

ಝೀನಿಯಾ ಎಂಬ ಮೆದುಹವಳ ಕೈ ಮುಷ್ಟಿ ಬಿಚ್ಚಿ ಮುಚ್ಚಿದಂತೆ ಮಿಡಿಯುತ್ತಲೇ ಇರುತ್ತದೆ. ಊಟ ಹಿಡಿಯಲು ಅಂತ ಅನ್ನಿಸುತ್ತದೆ, ಅಲ್ವಾ? ಅದರ ನೆಂಟ ಹೆಟೆರೋಝೀನಿಯಾದ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಹೇಳಿತು. ಮಿಡಿತದಿಂದ ಮೈ ಸುತ್ತಲಿನ ಆಮ್ಲಜನಕ ಚದುರಿ, ಒಳಗಿನ ಪಾಚಿಯ ಕೆಲಸ ಚುರುಕಾಗುತ್ತದೆ.

ಟ್ಯಾಂಕ್ ಸುಳ್ಳನ್ನೂ ಹೇಳುತ್ತದೆ. ಸರ್ಜನ್ ಮೀನು ಗಾಜಿನ ಉದ್ದಕ್ಕೂ ಅತ್ತಿಂದಿತ್ತ ಒಂದೇ ಸಮನೆ ಈಜಿದರೆ ಅದು ಆಟವಲ್ಲ, ಜಾಗ ಸಾಲದ ಚಡಪಡಿಕೆ. ಹಸಿರು ಕ್ರೋಮಿಸ್ ಮೀನುಗಳ ಗುಂಪು ಸಮುದ್ರದ ಹವಳದ ದಂಡೆಯಲ್ಲಿ ಒಟ್ಟಾಗಿ ಬದುಕುತ್ತದೆ, ಟ್ಯಾಂಕಿನಲ್ಲಿ ಒಂದೊಂದಾಗಿ ಕಡಿಮೆಯಾಗುತ್ತದೆ. ಏಟು ತಿಂದದ್ದಕ್ಕೆ ಓಡಿಹೋಗಲು ಜಾಗವೇ ಇಲ್ಲವಲ್ಲ. ಇದನ್ನು ನೋಡಿ ಕ್ರೋಮಿಸ್ ಕ್ರೂರಿ ಅಂತ ಬರೆಯಬೇಡಿ. ಕ್ಲೀನರ್ ರಾಸ್ ಮೀನನ್ನಂತೂ ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ತಿಂದು ಬದುಕುವ ಅದಕ್ಕೆ, ನಾಲ್ಕಾರು ಮೀನಿನ ಟ್ಯಾಂಕಿನಲ್ಲಿ ಹೊಟ್ಟೆ ತುಂಬುವುದು ಕಷ್ಟ.

ಹಾಗೆಂದು ಗಾಜಿನೊಳಗೆ ಸಹಜವಾದದ್ದು ನಡೆಯುವುದೇ ಇಲ್ಲ ಅಂತಲ್ಲ. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಜೇಮೀ ಕ್ರ್ಯಾಗ್ಸ್ ಮತ್ತು ಜೊತೆಯವರು ಋತುವಿನ ಬಿಸಿ, ಹಗಲಿನ ಉದ್ದ, ಚಂದ್ರನ ಬೆಳಕು ಎಲ್ಲವನ್ನೂ ಟ್ಯಾಂಕಿನ ಮೇಲೆ ನಕಲು ಮಾಡಿದರು. ಅಕ್ರೋಪೋರಾ ಹವಳಗಳು ಅಲ್ಲೇ ಮೊಟ್ಟೆ ಮತ್ತು ವೀರ್ಯದ ಗುಳಿಗೆಗಳನ್ನು ಬಿಟ್ಟವು. 2017ರಲ್ಲಿ ಅದು ಪ್ರಕಟವಾಯಿತು. 2019ರಲ್ಲಿ ಅಮೆರಿಕದ ಫ್ಲಾರಿಡಾ ಅಕ್ವೇರಿಯಂ ಅದೇ ದಾರಿಯಲ್ಲಿ ಅಳಿವಿನಂಚಿನ ಕಂಬದ ಹವಳದಿಂದ ಮೊಟ್ಟೆ ಪಡೆಯಿತು. ಅಂದವಾಗಿ ಕಾಣಲಿ ಅಂತ ರಾತ್ರಿಯಿಡೀ ನೀಲಿ ದೀಪ ಬಿಡುವವರು ಇದನ್ನು ಒಮ್ಮೆ ಯೋಚಿಸಬೇಕು. ಹವಳಕ್ಕೆ ಕತ್ತಲೂ ಬೇಕು.

ಹಾಗಾದರೆ ಕೈ ಹಾಕಲೇಬೇಕಾದದ್ದು ಯಾವಾಗ? ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಕಾಯಬೇಡಿ, ಪಂಪ್ ನೋಡಿ, ನೀರಿನ ಮೇಲ್ಮೈ ಕಲಕುವಂತೆ ಮಾಡಿ. ಹವಳ ಬಿಳಿಯಾದರೆ ಭೂತಗನ್ನಡಿ ಹಿಡಿಯಿರಿ. ಬಿಳಿಯ ಮೇಲೆ ಗಾಜಿನಂಥ ತೆಳು ಮಾಂಸ, ಸಣ್ಣ ಎಳೆ ಇನ್ನೂ ಕಂಡರೆ ಪಾಚಿ ಮಾತ್ರ ಹೋಗಿದೆ, ಹವಳ ಬದುಕಿದೆ. ಬೆಳಕು, ಬಿಸಿ ಸರಿಮಾಡಿ ಬಿಟ್ಟುಬಿಡಿ. ಮಾಂಸವೇ ಸುಲಿದು ಬರಿ ಕಲ್ಲು ಕಂಡು, ಅದು ಗಂಟೆ ಗಂಟೆಗೂ ಏರುತ್ತಿದ್ದರೆ ಚೆನ್ನಾಗಿರುವ ತುದಿಯನ್ನು ಆಗಲೇ ಕತ್ತರಿಸಿ ಬೇರೆ ಇಡಿ. ಲೆದರ್ ಎಂಬ ಮೆದುಹವಳ ವಾರಗಟ್ಟಲೆ ಮುದುಡಿ ಮೇಣದಂಥ ಪೊರೆ ಬಿಟ್ಟರೆ ಏನೂ ಮಾಡಬೇಕಿಲ್ಲ. ಹವಳದ ನೆಂಟ ಅನಿಮೋನಿ ಕುಗ್ಗಿ ಕಂದು ಕೊಳೆ ಉಗುಳಿ ಮತ್ತೆ ಉಬ್ಬಿದರೂ ಅಷ್ಟೇ. ಆದರೆ ಬಾಯಿ ತೆರೆದೇ ಇದ್ದು, ಬುಡ ಕಲ್ಲನ್ನು ಹಿಡಿಯದೆ ವಾಸನೆ ಹೊಡೆದರೆ ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ಅದು ಇಡೀ ಟ್ಯಾಂಕನ್ನು ಕೆಡಿಸುತ್ತದೆ.

ಕೈ ಹಾಕುವಾಗ ಗ್ಲೌಸ್ ಇರಲಿ. ಪ್ಯಾಲಿಥೋವಾ ಜಾತಿಯ, ಅಂಗಿಯ ಗುಂಡಿಯಂತೆ ಕಾಣುವ ಹವಳಗಳನ್ನು ಕೀಳುವುದಿದ್ದರೆ ಕಣ್ಣಿಗೂ ಕನ್ನಡಕ ಬೇಕು. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರಬಹುದು. ಅವು ಕೂತ ಕಲ್ಲನ್ನು ಕುದಿಸುವುದು, ಬಿಸಿನೀರು ಹಾಕಿ ಉಜ್ಜುವುದು ಖಂಡಿತ ಬೇಡ. ಆ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.