ಅಲಾಸ್ಕಾದವರು ವಿಂಚೆಸ್ಟರ್ 71ನ್ನೇ ಯಾಕೆ ಆರಿಸಿಕೊಂಡರು?

ಪ್ರಶ್ನೆ: ಲಿವರ್ ಆಕ್ಷನ್ (ಕೆಳಗಿನ ಹಿಡಿ ಎಳೆದು ಮುಂದಿನ ತೋಟಾ ಏರಿಸುವ) ರೈಫಲ್‌ಗೆ ದೊಡ್ಡ ತೂತಿನ ನಳಿಗೆ ಹಾಕಿಸಿದರೆ ದೊಡ್ಡ ತೋಟಾ ಹೊಡೆಯಬಹುದು ಅಲ್ವಾ? ಮತ್ತೆ ಅಲಾಸ್ಕಾದವರು .450 ಅಲಾಸ್ಕನ್ ಎಂಬ ದೊಡ್ಡ ತೋಟಾಕ್ಕಾಗಿ ವಿಂಚೆಸ್ಟರ್ 71 ರೈಫಲನ್ನೇ ಹುಡುಕುತ್ತಿದ್ದುದು ಯಾಕೆ?

ನಳಿಗೆ ಇಲ್ಲಿ ಸುಲಭದ ಕೆಲಸ. ಕಷ್ಟ ಇರುವುದು ಅದರ ಹಿಂದೆ. ಮದ್ದು ಸಿಡಿದಾಗ ಗುಂಡು ಮುಂದಕ್ಕೆ ಹೋಗುವಷ್ಟೇ ಜೋರಾಗಿ ಮದ್ದು ತುಂಬಿದ ಹಿತ್ತಾಳೆ ಕೇಸು ಹಿಂದಕ್ಕೆ ಒತ್ತುತ್ತದೆ, ಆ ಒತ್ತಡವನ್ನೆಲ್ಲ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟು ತಡೆಯಬೇಕು, ಕೇಸಿನ ಬುಡ ದಪ್ಪವಾದಷ್ಟೂ ಹೊರೆ ಜಾಸ್ತಿ. ಜೊತೆಗೆ ದಪ್ಪ ತೋಟಾ ಮ್ಯಾಗಜೀನಿನಿಂದ ಮೇಲೆ ಬಂದು ಸಲೀಸಾಗಿ ಒಳಗೆ ಹೋಗಬೇಕು. ಇವೆರಡೂ ಆಗದ ರೈಫಲ್‌ಗೆ ಎಂಥ ನಳಿಗೆ ಹಾಕಿಸಿದರೂ ಅದು ಹೊಡೆಯುವವನಿಗೇ ಅಪಾಯ.

71ರಲ್ಲಿ ಇವೆರಡೂ ಮೊದಲೇ ಇದ್ದವು. ಅದು 1935ರಲ್ಲಿ ಬಂತು, ಆದರೆ ಒಳಗಿನ ವಿನ್ಯಾಸ ಜಾನ್ ಬ್ರೌನಿಂಗ್ ಮಾಡಿದ 1886ರ ಮಾಡೆಲ್‌ನದೇ. ಬೋಲ್ಟಿನ ಎರಡೂ ಪಕ್ಕದಲ್ಲಿ ಉಕ್ಕಿನ ದಪ್ಪ ಪಟ್ಟಿಗಳು ಮೇಲೆದ್ದು ಬಂದು ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಆ ಹಳೆಯ ಮಾಡೆಲ್ ಹಿಂದೆಯೇ .50-110 ಎಂಬ ಭಾರಿ ತೋಟಾ ಹೊಡೆಯುತ್ತಿತ್ತು. ಅದೇ ಕೇಸಿನ ಕುತ್ತಿಗೆ ಕಿರಿದು ಮಾಡಿ ವಿಂಚೆಸ್ಟರ್‌ನವರು 71ಕ್ಕೆ .348 ತೋಟಾ ಮಾಡಿದರು. ಅದನ್ನು ಕೈಯಲ್ಲಿ ಹಿಡಿದರೆ ಬುಡ ದಪ್ಪ, ಭುಜದ ಹತ್ತಿರ ಥಟ್ಟನೆ ಸಣ್ಣಗಾಗುತ್ತದೆ, ಥೇಟ್ ಬಾಟಲಿಯ ಹಾಗೆ.

1950ರ ದಶಕದಲ್ಲಿ ಅಲಾಸ್ಕಾದ ಕೂಪರ್ ಲ್ಯಾಂಡಿಂಗ್‌ನ ಕೋವಿ ಕುಶಲಕರ್ಮಿ ಹೆರಾಲ್ಡ್ ಜಾನ್ಸನ್ ಆ ಬಾಟಲಿಯ ಬಾಯನ್ನು ಮತ್ತೆ ಅಗಲ ಮಾಡಿ .450 ಅಲಾಸ್ಕನ್ ರೂಪಿಸಿದರು. 8.8 ಮಿಲಿಮೀಟರ್ ಗುಂಡಿನ ಜಾಗಕ್ಕೆ 11.6 ಮಿಲಿಮೀಟರಿನದು ಬಂತು, 13 ಗ್ರಾಂ ತೂಗುತ್ತಿದ್ದ ಗುಂಡಿನ ಬದಲು 26 ಗ್ರಾಂನದು. ಬುಡ ಮಾತ್ರ ಅದೇ. ನನಗೆ ತುಂಬ ಹಿಡಿಸುವುದು ಇದೇ: ಅವರು ರೈಫಲ್ ಮೇಲೆ ಹೊಸದೇನನ್ನೂ ಹೇರಲಿಲ್ಲ, ಅದರ ಹಳೆಯ ಮೈಕಟ್ಟನ್ನೇ ವಾಪಸ್ ಕೊಟ್ಟರು.

ಇಷ್ಟೆಲ್ಲ ಬೇಕಿತ್ತಾ ಅಂದರೆ, ಅಲ್ಲಿ ಬೇಕಿತ್ತು. ಕೂಪರ್ ಲ್ಯಾಂಡಿಂಗ್ ಇರುವ ಕೀನಾಯ್ ಕಡೆಯ ಆಲ್ಡರ್ ಪೊದೆಗಳಲ್ಲಿ ಕಂದು ಕರಡಿ ಕಾಣುವುದೇ ಹತ್ತಾರು ಹೆಜ್ಜೆ ದೂರದಲ್ಲಿ. ಎರಡನೇ ಈಡು ತಕ್ಷಣ ಸಿಗಬೇಕು.

ಒಂದು ಎಚ್ಚರಿಕೆ. ಈ ರೈಫಲ್‌ನ ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ಕೂರುವುದರಿಂದ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ (ಪೆಟ್ಟು ಬಿದ್ದರೆ ಮದ್ದು ಹೊತ್ತಿಸುವ ಬಿಲ್ಲೆ) ತಾಗಿಕೊಂಡೇ ಇರುತ್ತದೆ. ಚೂಪು ಮೂತಿಯಾದರೆ ಒಳಗೇ ಸಿಡಿಯಬಹುದು. ಮುಂದೆ ಇನ್ನೂ ದಪ್ಪ ಗುಂಡಿನ .50 ಅಲಾಸ್ಕನ್ ತೋಟಾ ಮಾಡಿದಾಗ ಜಾನ್ಸನ್ ಮಷೀನ್‌ಗನ್ನಿನ ಗುಂಡನ್ನೇ ಅರ್ಧಕ್ಕೆ ಕತ್ತರಿಸಿ, ಚಪ್ಪಟೆ ಬುಡ ಮುಂದೆ ಬರುವಂತೆ ತಲೆಕೆಳಗಾಗಿ ಕೂರಿಸಿ ಹೊಡೆದರು.