ಡಿಟೆಕ್ಟರ್ ಆಮೇಲೆ, ಮೊದಲು ನೆಲ ನೋಡಿ

ಕಾರವಾರದಿಂದ ಮುಂಬೈಗೆ ಸಂಶೋಧನೆಗೆಂದು ಬಂದ ಹುಡುಗಿ, ವಿಕಿರಣಶೀಲ ವಸ್ತುಗಳ ಮೇಲೆ ಕೆಲಸ ಮಾಡುವ ನಮ್ಮ ರೇಡಿಯೋಕೆಮಿಸ್ಟ್ರಿ ಲ್ಯಾಬಿಗೆ ಕಾಲಿಟ್ಟವಳೇ, "ಮೇಡಂ, ಜರ್ಮೇನಿಯಂ ಡಿಟೆಕ್ಟರ್ ಎಲ್ಲಿದೆ?" ಎಂದಳು. ವಿಕಿರಣ ಅಳೆಯುವ ಉಪಕರಣ ಅದು. ನಾನು ನೆಲ ತೋರಿಸಿದೆ. ಸಂದಿಲ್ಲದ ವಿನೈಲ್ ಹಾಸು, ಗೋಡೆಯ ಬುಡದಲ್ಲಿ ಬಾಗಿ ಗೇಣುದ್ದ ಮೇಲೇರಿದೆ. ಟೈಲ್ಸ್ ಆಗಿದ್ದರೆ ಚೆಲ್ಲಿದ ದ್ರಾವಣ ಸಂದಿಗಿಳಿದು ಅಲ್ಲೇ ಕೂರುತ್ತದೆ, ಎಷ್ಟು ಒರೆಸಿದರೂ ಬರುವುದಿಲ್ಲ.

ನಮ್ಮಲ್ಲಿ ಹೆಚ್ಚು ಬಳಕೆಯಾಗುವುದು ಪಿ-32, ಅಂದರೆ ವಿಕಿರಣಶೀಲ ರಂಜಕ. ಇಂಥ ವಸ್ತು ಪೂರೈಸುವ ಸರ್ಕಾರಿ ಸಂಸ್ಥೆ, ವಾಶಿಯ ಬ್ರಿಟ್‌ನಿಂದ ತರಿಸುತ್ತೇವೆ, ಅದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ಅನುಮತಿ ಬೇಕು. ಇದಕ್ಕೆ ಸೀಸದ ಇಟ್ಟಿಗೆ ಅಡ್ಡ ಇಡಲು ಹೊರಡುವವರನ್ನು ನಾನು ಪ್ರತಿ ವರ್ಷ ತಡೆಯುತ್ತೇನೆ. ಪಿ-32 ಹೊರಬಿಡುವ ಜೋರು ಬೀಟಾ ಕಣ ಸೀಸಕ್ಕೆ ಬಡಿದರೆ ಎಕ್ಸ್-ಕಿರಣ ಹೊರಡುತ್ತದೆ. ಒಂದು ಸೆಂಟಿಮೀಟರ್ ದಪ್ಪದ ಪರ್ಸ್‌ಪೆಕ್ಸ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಸಾಕು. ಕೆಲಸವೆಲ್ಲ ಸ್ಟೀಲ್ ಟ್ರೇಯಲ್ಲಿ, ಬ್ಲಾಟಿಂಗ್ ಪೇಪರ್ ಹಾಸಿ.

ಒಮ್ಮೆ ಸಂಜೆ, ವಿಕಿರಣ ಸಿಕ್ಕರೆ ಸದ್ದು ಮಾಡುವ ಗೀಗರ್ ಕೌಂಟರ್ ಹಿಡಿದು ಸುತ್ತುವಾಗ ಮೇಜು, ಸಿಂಕು ಎಲ್ಲ ಸುಮ್ಮನಿದ್ದವು. ಬಾಗಿಲ ಹಿಡಿಯ ಹತ್ತಿರ ಬಂದಾಗ ಪಟಪಟ ಸದ್ದು. ಯಾರೋ ಕೈಗವಸು ಹಾಕಿಕೊಂಡೇ ಬಾಗಿಲು ತೆಗೆದಿದ್ದರು. ಸಾಬೂನು ನೀರಿನ ಹತ್ತಿಯಿಂದ ಮೂರು ಸಲ ಒರೆಸಿದ ಮೇಲೆ ಸದ್ದು ಅಡಗಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ನಮ್ಮ ನಲ್ಲಿಗಳು ಮೊಣಕೈಯಿಂದ ತಿರುಗುತ್ತವೆ, ಬಾಗಿಲು ಭುಜದಿಂದ ತಳ್ಳಿದರೆ ತೆರೆಯುತ್ತದೆ.

ಇನ್ನು ಡಿಟೆಕ್ಟರ್. ಸೋಡಿಯಂ ಅಯೋಡೈಡ್ ಹರಳು ಸೀಸಿಯಂ-137ರ ಗಾಮಾ ಕಿರಣದ 662 ಕೆಇವಿ (ಕಿರಣದ ಶಕ್ತಿಯ ಅಳತೆ) ಗೆರೆಯನ್ನು ಸುಮಾರು 45 ಕೆಇವಿ ಅಗಲದ ಗುಡ್ಡವಾಗಿ ತೋರಿಸುತ್ತದೆ. ಜರ್ಮೇನಿಯಂನಲ್ಲಿ ಅದೇ ಗೆರೆ ಎರಡು ಕೆಇವಿಯೊಳಗಿನ ಸೂಜಿ. ಪಕ್ಕಪಕ್ಕದ ಐಸೊಟೋಪುಗಳು ಬೇರೆಬೇರೆಯಾಗಿ ಕಾಣುತ್ತವೆ. ಆದರೆ ಅದನ್ನು ದ್ರವ ಸಾರಜನಕದಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ತಂಪಿನಲ್ಲಿ ಸಾಕಬೇಕು. ಸುತ್ತ ಹತ್ತು ಸೆಂಟಿಮೀಟರ್ ಸೀಸ, ಒಳಗೆ ತಾಮ್ರದ ತಗಡು. ಇಷ್ಟಾದರೂ ಗೋಡೆಯ ಸಿಮೆಂಟಿನ ಪೊಟ್ಯಾಸಿಯಂ-40 ತನ್ನ 1461 ಕೆಇವಿ ಗೆರೆಯನ್ನು ಎಲ್ಲಿಂದಲೋ ತೂರಿಸುತ್ತದೆ. ಮುಂಬೈ ಮಳೆಗಾಲದ ತೇವ ಬೇರೆ: ಸೋಡಿಯಂ ಅಯೋಡೈಡ್ ಹರಳಿನ ಸೀಲ್ ಸ್ವಲ್ಪ ಸಡಿಲಿದರೂ ಅದು ನೀರು ಹೀರಿ ಹಳದಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೋಣೆಯ ಎಸಿ ಆರಿಸಲು ನಾನು ಬಿಡುವುದಿಲ್ಲ.

ಹಿಂದಿನ ಪುಟ್ಟ ಕೋಣೆ ವಿಕಿರಣಶೀಲ ಕಸದ್ದು. ಅದನ್ನು ಡಬ್ಬದಲ್ಲಿಟ್ಟು ಕಾಯುತ್ತೇವೆ. ಪಿ-32ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಸಮಯ) 14.3 ದಿನ, ಹತ್ತು ಅರ್ಧಾಯುಷ್ಯ, ಅಂದರೆ 143 ದಿನ ಕಳೆದರೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಡಬ್ಬದ ಮೇಲೆ ತಾರೀಖು ಇಲ್ಲದಿದ್ದರೆ ಈ ಲೆಕ್ಕವೇ ಇಲ್ಲ. ಕಾರವಾರದ ಹುಡುಗಿಗೆ ಮೊದಲ ಎರಡು ವಾರ ಚೀಟಿ ಬರೆಯುವ ಕೆಲಸ ಕೊಟ್ಟೆ. ಡಿಟೆಕ್ಟರ್ ಮುಂದೆ ಕೂತದ್ದು ಆಮೇಲೆ.