ಸಿ ಬಂದರೆ ಸಾಕಲ್ವಾ, ಈ ಕ್ಲಾಸ್ ಎಲ್ಲ ಯಾಕೆ?

ಪ್ರಶ್ನೆ: ಇಂಜಿನಿಯರಿಂಗ್ ಮೊದಲ ವರ್ಷ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಫಂಕ್ಷನ್ ಬರೆಯುವುದು ಚೆನ್ನಾಗಿ ಬರುತ್ತದೆ. ಈಗ ಮೂರನೇ ಸೆಮಿಸ್ಟರಿನಲ್ಲಿ ಜಾವಾ. ಅದೇ ಕೆಲಸಕ್ಕೆ ಕ್ಲಾಸ್, ಆಬ್ಜೆಕ್ಟ್, ಪ್ರೈವೇಟ್ ಅಂತ ಹತ್ತು ಸಾಲು ಜಾಸ್ತಿ ಬರೆಯಬೇಕು. ಇದರಿಂದ ಲಾಭವೇನು?

ಉತ್ತರ: ಲ್ಯಾಬ್ ಪ್ರೋಗ್ರಾಮಿನ ಮಟ್ಟಿಗೆ ಹೇಳಬೇಕೆಂದರೆ, ಅಂಥ ಲಾಭ ಏನಿಲ್ಲ. ಐವತ್ತು ಸಾಲಿಗೆ ಸಿ ಧಾರಾಳವಾಗಿ ಸಾಕು. ಕ್ಲಾಸ್ (ಡೇಟಾ ಮತ್ತು ಅದನ್ನು ಮುಟ್ಟುವ ಫಂಕ್ಷನ್ನುಗಳನ್ನು ಒಟ್ಟಿಗೆ ಕಟ್ಟುವ ಅಚ್ಚು; ಅದರಿಂದ ಮಾಡಿದ್ದು ಆಬ್ಜೆಕ್ಟ್) ಬೇಕು ಅನ್ನಿಸುವುದು ಪ್ರೋಗ್ರಾಮು ಬೆಳೆದು, ನಾಲ್ಕು ಜನ ಅದಕ್ಕೆ ಕೈ ಹಾಕಿದಾಗ.

ಹಾಜರಿ ಲೆಕ್ಕದ ಪ್ರೋಗ್ರಾಮನ್ನೇ ತಗೊಳ್ಳಿ. ಸಿ-ಯಲ್ಲಾದರೆ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಸ್ಟ್ರಕ್ಟ್, ಅಂದರೆ ಸಂಬಂಧಪಟ್ಟ ಡೇಟಾದ ಒಂದು ಕಟ್ಟು. ಒಳಗೆ ಎರಡು ಇಂಟ್ (ಪೂರ್ಣಾಂಕ): ನಡೆದ ಪೀರಿಯಡ್, ಬಂದ ಪೀರಿಯಡ್. ಥಿಯರಿಗೆ ಒಂದು ಫಂಕ್ಷನ್, ಲ್ಯಾಬಿಗೆ ಇನ್ನೊಂದು. ಲ್ಯಾಬಿನದನ್ನು ಬರೆದವರು ‘ಬಂದ’ದ್ದಕ್ಕೆ ಒಂದು ಕೂಡಿಸಿದರು, ‘ನಡೆದ’ದ್ದಕ್ಕೆ ಕೂಡಿಸಲು ಮರೆತರು. ಕೊನೆಗೆ ನಡೆದದ್ದು 40, ಬಂದದ್ದು 42. ಹಾಜರಿ ಶೇ. 105! ಬರೆದದ್ದನ್ನು ಪರಿಶೀಲಿಸಿ ಅನುವಾದಿಸುವ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಅದರ ಕಣ್ಣಿಗೆ ಅವೆರಡೂ ಬರೀ ಸಂಖ್ಯೆ. ಈಗ ಅವನ್ನು ಮುಟ್ಟುವ ಪ್ರತಿಯೊಂದು ಫಂಕ್ಷನ್ನನ್ನೂ ಜಾಲಾಡಬೇಕು.

ಜಾವಾದಲ್ಲಿ ಆ ಎರಡನ್ನೂ ಪ್ರೈವೇಟ್ ಮಾಡಿ, ಹಾಜರಿ ಹಾಕುವ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಒಂದನ್ನೇ ಹೊರಗೆ ಬಿಡುತ್ತೀರಿ. ಬಂದವರಿಗೆ ಎರಡು ಲೆಕ್ಕವೂ ಅಲ್ಲೇ ಒಟ್ಟಿಗೆ ಏರುತ್ತವೆ, ಬಾರದವರಿಗೆ ‘ನಡೆದ’ದ್ದು ಮಾತ್ರ. ಬೇರೆ ಕ್ಲಾಸಿನಿಂದ ಯಾರಾದರೂ ನೇರವಾಗಿ ಬದಲಿಸಲು ಹೋದರೆ ‘ಹ್ಯಾಸ್ ಪ್ರೈವೇಟ್ ಆಕ್ಸೆಸ್’ ಎಂದು ಕಂಪೈಲರೇ ತಡೆಯುತ್ತದೆ. ಆಮೇಲೂ ಲೆಕ್ಕ ತಪ್ಪಿತಾ? ಆ ಒಂದು ಕ್ಲಾಸಿನೊಳಗೆ ಹುಡುಕಿದರಾಯಿತು. ಆದರೆ ಎಲ್ಲದಕ್ಕೂ ಸುಮ್ನೆ ಗೆಟ್ಟರ್, ಸೆಟ್ಟರ್ (ಬೆಲೆಯನ್ನು ಓದುವ, ಬದಲಿಸುವ ಮೆಥಡ್) ಬರೆದಿಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅಲ್ಲೇ ನೇತುಹಾಕಿದ ಹಾಗೆ.

ವೈವಾದಲ್ಲಿ, ಹೀಗೆ ಡೇಟಾವನ್ನು ಕ್ಲಾಸಿನೊಳಗೆ ಬಚ್ಚಿಡುವ ಎನ್‌ಕ್ಯಾಪ್ಸುಲೇಷನ್ನಿನ ಡೆಫಿನಿಷನ್ ಪಟಪಟ ಹೇಳಿ, ಪ್ರೋಗ್ರಾಮನ್ನು ಪೂರ್ತಿ ಮೇನ್ (ಪ್ರೋಗ್ರಾಮು ಶುರುವಾಗುವ ಫಂಕ್ಷನ್) ಒಳಗೇ ತುರುಕುವವರು ಬೇಕಾದಷ್ಟು ಜನ. ಅದು ಜಾವಾ ವೇಷದ ಸಿ, ಅಷ್ಟೇ. ಬರೆಯಲು ಕೂರುವ ಮೊದಲು, ಯಾವ ಯಾವ ಡೇಟಾ ಒಟ್ಟಿಗೇ ಬದಲಾಗಬೇಕು ಅಂತ ಕೇಳಿಕೊಳ್ಳಿ. ಪಾಠದಲ್ಲಿ ಬರುವ ನಾಯಿ, ಬೆಕ್ಕು, ಪ್ರಾಣಿಗಳ ಉದಾಹರಣೆಯ, ಒಂದು ಕ್ಲಾಸಿನಿಂದ ಇನ್ನೊಂದನ್ನು ಬೆಳೆಸುವ ಇನ್‌ಹೆರಿಟೆನ್ಸ್ ಆಮೇಲೆ ನೋಡಿಕೊಂಡರೂ ನಡೆಯುತ್ತದೆ.

ಇದು ಜಾವಾದವರ ಹೊಸ ಯೋಚನೆಯೂ ಅಲ್ಲ. ಜಾವಾ ಬಂದದ್ದು 1995ರಲ್ಲಿ. ಕ್ಲಾಸ್, ಆಬ್ಜೆಕ್ಟ್ ಎರಡೂ 1960ರ ದಶಕದಲ್ಲೇ ನಾರ್ವೆಯ ಓಸ್ಲೊದಲ್ಲಿ ಸಿದ್ಧವಾದ ಸಿಮ್ಯುಲಾ ಭಾಷೆಯಲ್ಲಿದ್ದವು. ಅದರಿಂದ ಪ್ರೇರಣೆ ಪಡೆದು ಕಂಪ್ಯೂಟರ್ ವಿಜ್ಞಾನಿ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಸಿ-ಗೆ ಕ್ಲಾಸ್ ಸೇರಿಸಲು ಹೊರಟರು. ಅದೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು.

ಹಾಗಂತ ಸಿ-ಯನ್ನು ಮರೆತುಬಿಡಬೇಡಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನ ಬಹುಪಾಲು ಇವತ್ತಿಗೂ ಸಿ-ಯಲ್ಲೇ ಇದೆ. ಅಲ್ಲಿ ಫೈಲ್ ಆಪರೇಷನ್ಸ್ ಎಂಬ ಸ್ಟ್ರಕ್ಟ್‌ನಲ್ಲಿ ರೀಡ್, ರೈಟ್ ಮುಂತಾದವಕ್ಕೆ, ಫಂಕ್ಷನ್ ಎಲ್ಲಿದೆ ಎಂದು ತೋರಿಸುವ ಫಂಕ್ಷನ್ ಪಾಯಿಂಟರ್‌ಗಳಿವೆ. ಅದನ್ನು ಬಳಸುವ ಪ್ರತಿ ಡ್ರೈವರ್ (ಒಂದು ಸಾಧನವನ್ನು ನಡೆಸುವ ಪ್ರೋಗ್ರಾಮು) ತನಗೆ ಬೇಕಾದ ಫಂಕ್ಷನ್ನುಗಳನ್ನು ಅಲ್ಲಿ ತುಂಬುತ್ತದೆ. ಒಂದೇ ಕರೆಗೆ ಬೇರೆ ಬೇರೆ ಫಂಕ್ಷನ್ ಓಡುವ, ನಿಮ್ಮ ಸಿಲಬಸ್ಸಿನ ಪಾಲಿಮಾರ್ಫಿಸಂ ಇದೇ, ಕೈಯಾರೆ ಕಟ್ಟಿದ್ದು.

ಸಿ-ಯಿಂದ ಬಂದವರು ಒಂದು ಕಡೆ ಎಡವುವುದು ಗ್ಯಾರಂಟಿ. ಸಿ-ಯಲ್ಲಿ ಒಂದು ಸ್ಟ್ರಕ್ಟನ್ನು ಇನ್ನೊಂದಕ್ಕೆ ಅಸೈನ್ ಮಾಡಿದರೆ ಒಳಗಿರುವ ಇಂಟ್‌ಗಳೆಲ್ಲ ನಕಲಾಗುತ್ತವೆ. ಜಾವಾದಲ್ಲಿ ಹಾಗೆ ಮಾಡಿದರೆ ಎರಡು ಹೆಸರೂ ಒಂದೇ ಆಬ್ಜೆಕ್ಟನ್ನು ತೋರಿಸುತ್ತವೆ. ಒಬ್ಬರಿಗೆ ಹಾಜರಿ ಹಾಕಿದರೆ, ಪ್ರಾಕ್ಸಿ ಹೊಡೆಯದೆಯೇ ಇನ್ನೊಬ್ಬರಿಗೂ ಬೀಳುತ್ತದೆ. ಪಾಯಿಂಟರ್ ಸರಿಯಾಗಿ ಅರ್ಥವಾಗಿದ್ದವರಿಗೆ ಇದು ಬೇಗ ಹೊಳೆಯುತ್ತದೆ.